267 ಕಿಲೋಮೀಟರ್, ವಯಾ ಬೆಂಗಳೂರು

ಮಂಗಳೂರು ಏರ್‌ಪೋರ್ಟ್‌ನಿಂದ ಹುಬ್ಬಳ್ಳಿ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದರೆ ಸುಮಾರು 267 ಕಿ.ಮೀ. ಎಟಿಆರ್ ವಿಮಾನಕ್ಕೆ ಮುಕ್ಕಾಲು ಗಂಟೆಯ ಹಾರಾಟ. ಬೆಂಗಳೂರು ಮೂಲಕ ಹೋದರೆ ಮೊದಲು ಸುಮಾರು 305, ಆಮೇಲೆ 370, ಒಟ್ಟು 675 ಕಿ.ಮೀ. ನಡುವೆ ಕಾಯೋದು ಬೇರೆ.

ಈ ಲೆಕ್ಕ ಹಾಕಿದ್ದು ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದ ಸಂಜೆ. ನನ್ನ ಕೆಲಸ ಮಂಗಳೂರಲ್ಲಿ. ಆ್ಯಪ್‌ನಲ್ಲಿ ನೇರ ಫ್ಲೈಟ್ ಇರಲಿಲ್ಲ. ಬೆಂಗಳೂರು ಸುತ್ತಿ ಹೋದರೆ ತಲುಪೋದು ಮರುದಿನ ಮಧ್ಯಾಹ್ನ. ನೈಟ್ ಬಸ್ ಹತ್ತಿದೆ. ಕುಮಟಾ, ಅಂಕೋಲಾ, ಆಮೇಲೆ ಅರಬೈಲ್ ಘಾಟ್. ನಿದ್ದೆ ಎಲ್ಲಿಂದ ಬರಬೇಕು? ಘಾಟ್‌ನಲ್ಲಿ ನೆಟ್‌ವರ್ಕ್ ಹೋದಾಗ ತಂಗಿಯ ಕೊನೆಯ ಮೆಸೇಜನ್ನೇ ಮತ್ತೆ ಮತ್ತೆ ಓದ್ತಾ ಕೂತಿದ್ದೆ: 'ಸ್ಟೆಂಟ್ ಹಾಕ್ತಿದ್ದಾರೆ.'

ವಿಮಾನ ಕಂಪನಿಗಳನ್ನು ಬೈಯೋದು ಸುಲಭ. ಆದರೆ 10 ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ರೂಟ್ ಬೇಕು; ಅವುಗಳಲ್ಲಿ ಒಂದನ್ನು ಹಬ್ ಮಾಡಿಕೊಂಡರೆ 9 ಸಾಕು. ಇಂಜಿನಿಯರಿಂಗ್‌ನಲ್ಲಿ ನೆಟ್‌ವರ್ಕ್ಸ್ ಓದಿದವರಿಗೆ ಇದೇನು ಹೊಸದಲ್ಲ. ಸಣ್ಣ ಊರುಗಳನ್ನು ಜೋಡಿಸೋಕೆ ಅಂತಲೇ 2016ರಲ್ಲಿ ಉಡಾನ್ ಯೋಜನೆ ಬಂತು. ಅದರ ಸಹಾಯಧನ ಸಾಮಾನ್ಯವಾಗಿ 3 ವರ್ಷ. ಆಮೇಲೆ ಸೀಟು ತುಂಬಿದರೆ ಮಾತ್ರ ರೂಟ್ ಉಳಿಯುತ್ತೆ.

ದಿನಾ ಬೇಡ. ಶುಕ್ರವಾರ ಸಂಜೆ ಒಂದು, ಸೋಮವಾರ ಬೆಳಗ್ಗೆ ಒಂದು ಇದ್ದರೂ ಕರಾವಳಿಯಲ್ಲಿ ದುಡಿಯುವ ನಮ್ಮಂಥ ಉತ್ತರ ಕರ್ನಾಟಕದವರೇ ಸೀಟು ತುಂಬಿಸ್ತೀವಿ ಅನ್ನೋದು ನನ್ನ ಅಂದಾಜು. ಅಪ್ಪನ ಮುಂದಿನ ಚೆಕಪ್‌ಗೆ ಸದ್ಯ ಸ್ಲೀಪರ್ ಬಸ್ಸನ್ನೇ ಬುಕ್ ಮಾಡಿದ್ದೀನಿ.