ಮೇನ್ ಕೆಳಗ ಮಾಡ್ರಿ

ಕೃತ್ತಿಕಾ ಮಳೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಗಾಳಿಯದೇ ಆಟ. ಮಧ್ಯಾಹ್ನದವರೆಗೆ ಕಾದ ಹಂಚಿನಂತಿದ್ದ ಆಕಾಶ ನಾಲ್ಕರ ಸುಮಾರಿಗೆ ಕಪ್ಪಿಡುತ್ತದೆ. ಮೊದಲು ಧೂಳು, ಆಮೇಲೆ ದಪ್ಪ ಹನಿ, ನಡುವೆ ಯಾರದೋ ಮನೆಯ ಪತ್ರಾಸು ಹಾರಿಹೋದ ಸದ್ದು. ಆ ವರ್ಷ ತಂಗಿಯ ಕುಬಸಕ್ಕೆಂದು ನಾನು ಧಾರವಾಡದಿಂದ ಊರಿಗೆ, ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಬಂದಿದ್ದೆ. ಕಾರ್ಯಕ್ಕೆ ಇನ್ನೂ ನಾಲ್ಕು ದಿನ ಇತ್ತು. ಸಂಜೆ ಎದ್ದ ಗಾಳಿ ಅರ್ಧ ತಾಸೂ ಬೀಸಲಿಲ್ಲ. ನಿಂತ ಮೇಲೆ ಹೊರಗೆ ಬಂದು ನೋಡಿದರೆ ದೊಡ್ಡ ಬೇವಿನ ಮರ ಅಡ್ಡ ಬಿದ್ದಿತ್ತು. ನಮ್ಮ ಓಣಿಗೆ ತಂತಿ ತರುವ ಸಿಮೆಂಟ್ ಕಂಬ ನಡು ಮುರಿದುಕೊಂಡು ನೆಲಕ್ಕೊರಗಿತ್ತು.

ಪಟ್ಟಣದಲ್ಲಿ ಕರೆಂಟು ಹೋದರೆ ಬೆಳಕು ಹೋಯಿತು ಅನ್ನುತ್ತೇವೆ. ಹಳ್ಳಿಯಲ್ಲಿ ಮೊದಲು ಹೋಗುವುದು ನೀರು. ಬೋರಿನ ಮೋಟಾರು ನಿಂತರೆ ಟಾಕಿ ಖಾಲಿ, ನಳ ಖಾಲಿ. ಗಿರಣಿ ನಿಂತರೆ ಜೋಳದ ಹಿಟ್ಟಿಲ್ಲ. ಎರಡನೆಯ ದಿನ ಅವ್ವ, ದೊಡ್ಡವ್ವ ಹೊಲದ ಬಾವಿಯಿಂದ ಕೊಡ ಹೊತ್ತರು. ಮನೆ ತುಂಬ ಬೀಗರು ಬರುವವರಿದ್ದರು.

ಮೈಸೂರು ಕಾಲದ ವಿದ್ಯುತ್ ಮಂಡಳಿಯ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಸರಬರಾಜಿಗೆಂದು ಬೇರೆ ಬೇರೆ ಕಂಪನಿಗಳಾದವು. ಊರವರ ಬಾಯಲ್ಲಿ ಮಾತ್ರ ಅದು ಇನ್ನೂ ಕೆಇಬಿ. ಮೂರನೆಯ ದಿನ ಬೆಳಿಗ್ಗೆ, ಯಾರದೋ ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಚಾರ್ಜು ಮಾಡಿಸಿಕೊಂಡ ಮೊಬೈಲಿನಿಂದ ಲೈನ್‌ಮನ್‌ಗೆ ಫೋನು ಹಚ್ಚಿದೆ.

“ಮೂರು ದಿನಾ ಆತು. ಪಗಾರ ಯಾತಕ್ಕ ತಗೋತೀರಿ ನೀವು?”

“ಫೀಡರ್ ನಿಲ್ಲವಲ್ದರಿ ಸರ. ಹೊಲದಾಗ ಲೈನ್ ಹುಡುಕಾಕತ್ತೇವಿ. ಸಂಜೀಕ ನಿಮ್ಮ ಓಣಿಗೆ ಬರ್ತೇವ್ರಿ.”

ಇನ್ನಷ್ಟು ಬೈದು ಫೋನಿಟ್ಟೆ. ಧಾರವಾಡದಲ್ಲಿ ಇದ್ದು ಬಂದವನಲ್ಲವೇ, ನಾನೇ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ಪೆಂಡಾಲಿನವನ ಹತ್ತಿರ ಒಂದು ಜನರೇಟರ್ ಬಾಡಿಗೆಗೆ ತಂದೆ. ಅದರ ವೈರನ್ನು ಮನೆಯ ಬೋರ್ಡಿಗೆ ಸಿಕ್ಕಿಸಿದೆವು. ಫ್ಯಾನು ತಿರುಗಿತು, ಹುಡುಗರು ಕೂಗಿದರು. ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, “ನಮ್ಮ ಮನ್ಯಾಗೂ ಲೈಟ್ ಬಂತಪಾ! ನಿನ್ನ ಹೊಟ್ಟಿ ತಣ್ಣಗಿರಲಿ” ಅಂದಳು.

ನನಗೆ ಹೆಮ್ಮೆಯಾಯಿತು. ಆಕೆಯ ಮನೆಯ ಬಲ್ಬು ಹೇಗೆ ಹೊತ್ತಿತು ಎಂದು ಒಮ್ಮೆಯೂ ಯೋಚಿಸಲಿಲ್ಲ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು ನಾನು.

ಸಂಜೆ ಆರರ ಸುಮಾರಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೊಣಕಾಲಿನವರೆಗೆ ಎರಿಮಣ್ಣು, ಹೆಗಲಿಗೆ ಹಗ್ಗ. ದನಿಯಿಂದ ಗುರುತು ಸಿಕ್ಕಿತು. ಬೆಳಿಗ್ಗೆ ನಾನು ಬೈದದ್ದು ಇವನನ್ನೇ.

“ಜನರೇಟರ್ ಐತೇನ್ರಿ ಇಲ್ಲಿ?”

“ಐತಿ. ಯಾಕ?”

“ಕಂಬ ಮುರದ ಓಣ್ಯಾಗ ಬಲ್ಬ್ ಉರಿಯೂದು ಕಂಡೆ. ಅದಕ್ಕ ಬಂದೆ.” ಒಳಗೆ ಬಂದು ಮೀಟರಿನ ಕೆಳಗೆ ನೋಡಿದ. ದನಿ ಏರಿಸಲಿಲ್ಲ. “ಮೇನ್ ಕೆಳಗ ಮಾಡ್ರಿ ಸರ. ನಾ ಕಂಬದ ಮ್ಯಾಲ ಇರ್ತೇನಿ.”

ನನ್ನ ಬಾಯಿ ಒಣಗಿತು. ಮೇನ್ ಸ್ವಿಚ್ಚು ಮೇಲೆಯೇ ಇತ್ತು. ಮನೆಯೊಳಗೆ ಬಿಟ್ಟ ಕರೆಂಟು ಮೀಟರು ದಾಟಿ ಸರ್ವಿಸ್ ವೈರಿನಿಂದ ಓಣಿಯ ತಂತಿಗೆ ಹೋಗಿತ್ತು. ಅಜ್ಜಿಯ ಬಲ್ಬು ಹೊತ್ತಿದ್ದು ಅದರಿಂದಲೇ. ಅವನು ಕೈ ಹಾಕಬೇಕಿದ್ದದ್ದೂ ಅದೇ ತಂತಿಗೆ. ಕಂಬ ಮುರಿಯದೆ ತಂತಿ ಟಿಸಿಯವರೆಗೆ ಕೂಡಿಕೊಂಡಿದ್ದರೆ ಕತೆ ಇನ್ನೂ ದೂರ ಹೋಗುತ್ತಿತ್ತು. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಟ್ರಾನ್ಸ್‌ಫಾರ್ಮರ್, ಕೆಳಗಿನಿಂದ ಕೊಟ್ಟರೆ ಏರಿಸಿಯೂ ಕೊಡುತ್ತದೆ. ಇದನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಎಲ್ಲೋ ದೂರದ ಹೊಲದಲ್ಲಿ, ಲೈನು ಬಂದಾಗಿದೆ ಎಂದು ನಂಬಿ ಕಂಬ ಹತ್ತಿದವನಿಗೆ ಅದು ಸಾವು.

ರಾತ್ರಿ ಗ್ಯಾಂಗಿನವರು ಟ್ರ್ಯಾಕ್ಟರಿನಲ್ಲಿ ಹೊಸ ಕಂಬ ತರುವವರೆಗೆ ಅವನು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಚಹಾ ಕೊಟ್ಟಳು. ಬೆಳಿಗ್ಗೆ ಬೈಯುವ ಮೊದಲು ಕೇಳಬೇಕಿದ್ದದ್ದನ್ನು ಆಗ ಕೇಳಿದೆ. ಗಾಳಿ ನಿಂತ ಮೇಲೆ ಮೊದಲು ನೋಡುವುದು ಸಬ್‌ಸ್ಟೇಷನ್‌ಗೆ ಬರುವ ದೊಡ್ಡ ಲೈನನ್ನು. ಅದು ಸರಿಯಾದರೆ ಅಲ್ಲಿಂದ ಹೊರಡುವ 11 ಕೆವಿ ಫೀಡರು. ಒಂದು ಫೀಡರಿನಲ್ಲಿ ಎಲ್ಲೋ ಒಂದು ಕೊಂಬೆ ತಂತಿಗೆ ತಾಗಿದ್ದರೂ ಸಾಕು, ಹಾಕಿದಷ್ಟು ಸಲ ಬೀಳುತ್ತದೆ. ಅದನ್ನು ತುಂಡು ತುಂಡಾಗಿ ಬೇರೆ ಮಾಡಿ, ತಪ್ಪು ಯಾವ ತುಂಡಿನಲ್ಲಿದೆ ಎಂದು ಹಸಿ ಹೊಲದಲ್ಲಿ ನಡೆದೇ ಹುಡುಕಬೇಕು. ಆಮೇಲೆ ಟಿಸಿ, ಆಮೇಲೆ ಓಣಿಯ ಲೈನು, ಕೊನೆಗೆ ಮನೆ. ಒಂಬತ್ತು ಮೀಟರಿನ ಕಂಬಕ್ಕೆ ಒಂದೂವರೆ ಮೀಟರ್ ತಗ್ಗು ತೋಡಬೇಕು. ಎರಿಭೂಮಿ ನೆನೆದಿದ್ದರೆ ಟ್ರ್ಯಾಕ್ಟರೇ ಹೂತುಹೋಗುತ್ತದೆ.

“ಹತ್ತೂ ಮದ್ಲ ಎಲ್ಸಿ ತಗೋತೇವ್ರಿ,” ಅಂದ. ಲೈನ್ ಕ್ಲಿಯರ್. ಈ ಲೈನು ಬಂದ್ ಮಾಡಿ ಎಂದು ಸ್ಟೇಷನ್ನಿಗೆ ಹೇಳಿ, ಅವರು ರಜಿಸ್ಟರಿನಲ್ಲಿ ಬರೆದುಕೊಂಡ ಮೇಲೆಯೇ ಕೆಲಸ. ತೆಗೆದುಕೊಂಡವನೇ ಇಳಿದು ಬಂದು ಮರಳಿ ಕೊಡುವವರೆಗೆ ಯಾರೂ ಹಾಕುವಂತಿಲ್ಲ. ಆ ಬರಹವೇ ಅವನ ಜೀವಕ್ಕೆ ಜಾಮೀನು. ಆದರೆ ಆ ರಜಿಸ್ಟರಿನಲ್ಲಿ ನನ್ನ ಜನರೇಟರು ಇರಲಿಲ್ಲ.

ಹಾಗೆಂದು ಹಳ್ಳಿಯವರ ಸಿಟ್ಟು ಸುಳ್ಳಲ್ಲ. ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಪಟ್ಟಣದಲ್ಲಿ 24 ತಾಸಿನೊಳಗೆ, ಹಳ್ಳಿಯಲ್ಲಿ 72 ತಾಸಿನೊಳಗೆ ಬದಲಿಸಬೇಕು ಎಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಿದೆ. ದೂರ, ದಾರಿ, ಮಂದಿ ಎಲ್ಲ ಲೆಕ್ಕ ಹಾಕಿಯೇ ಹಾಗೆ ಮಾಡಿರಬಹುದು. ಆದರೂ ಕೊಡ ಹೊತ್ತವರ ಸೊಂಟಕ್ಕೆ ಆ ಲೆಕ್ಕ ತಿಳಿಯುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಾಗ ನಾಡೆಲ್ಲ ನೋಡಿತು. ಅರ್ಧ ತಾಸಿನ ಗಾಳಿ ಮುರಿದ ಒಂದು ಕಂಬವನ್ನು ಯಾರು ನೋಡುತ್ತಾರೆ? ಕೇಳಬೇಕಾದ ಪ್ರಶ್ನೆಗಳು ಇವೆ: ಕಂಬಗಳ ದಾಸ್ತಾನು ಎಲ್ಲಿದೆ, ಮಳೆಗಾಲಕ್ಕೆ ಮೊದಲು ಕೊಂಬೆ ಯಾಕೆ ಕಡಿಯಲಿಲ್ಲ, ಇಷ್ಟು ಊರಿಗೆ ಎಷ್ಟು ಜನ ಲೈನ್‌ಮನ್. ಅವನ್ನು ಕೇಳಬೇಕಾದದ್ದು ಕಚೇರಿಯಲ್ಲಿ. ನಾನು ಕೂಗಾಡಿದ್ದು ಕೆಸರಿನಲ್ಲಿ ನಿಂತವನ ಮೇಲೆ.

ರಾತ್ರಿ ಹನ್ನೊಂದೂವರೆಗೆ ಕರೆಂಟು ಬಂತು. ಓಣಿಯ ತುಂಬ ಹುಡುಗರ ಕೂಗು. ಅವನು ಅಷ್ಟರಲ್ಲಿ ಬೈಕು ಹತ್ತಿದ್ದ, ಮುಂದಿನ ಊರಿಗೆ. ಬೆಳಿಗ್ಗೆಯ ಮಾತಿಗೆ ತಪ್ಪಾಯಿತು ಅನ್ನಲು ಬಾಯಿ ತೆರೆದೆ. “ಇರ್ಲಿ ಬಿಡ್ರಿ, ಕುಬಸ ಚಂದಂಗ ಮಾಡ್ರಿ” ಅಂದು ಹೋದ.

ಈಗಲೂ ವೈಶಾಖದಲ್ಲಿ ಗಾಳಿ ಎದ್ದರೆ ಊರಿನಿಂದ ತಮ್ಮ ಫೋನು ಮಾಡುತ್ತಾನೆ, “ಕರೆಂಟ್ ಹೋಗೇತಿ ಅಣ್ಣಾ.” ಯಾವಾಗ ಬರುತ್ತದೆ ಎಂದು ನಾನು ಕೇಳುವುದಿಲ್ಲ. ಓಣಿಯಲ್ಲಿ ಯಾರಾದರೂ ಜನರೇಟರ್ ಹಚ್ಚಿದ್ದಾರೋ, ಹಚ್ಚಿದ್ದರೆ ಅವರ ಮೇನ್ ಕೆಳಗಿದೆಯೋ ನೋಡಿ ಬಾ ಅನ್ನುತ್ತೇನೆ.