ಸ್ನೇಹ ಅಂದರೆ ಎಣ್ಣೆ

"ಅಮ್ಮನಿಗೆ ನನ್ನ ಮೇಲೆ ತುಂಬಾ ಸ್ನೇಹ."

ಆರನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ಹೀಗೆ ಬರೆದಿದ್ದಳು. ಘಟ್ಟದ ಮೇಲಿನ ಮೇಷ್ಟ್ರಾಗಿದ್ದರೆ ಅಡಿಗೆರೆ ಎಳೆದು 'ಪ್ರೀತಿ' ಅಂತ ತಿದ್ದುತ್ತಿದ್ದರೇನೋ. ನಮ್ಮ ಕಾಸರಗೋಡಿನಲ್ಲಿ ಅದು ಅಷ್ಟು ಸಲೀಸಲ್ಲ. ಆ ಮಗುವಿನ ಮನೆಮಾತು ಮಲಯಾಳ. ಅಲ್ಲಿ ಸ್ನೇಹ ಅಂದರೆ ಪ್ರೀತಿಯೇ. ತಾಯಿಯದ್ದಿರಲಿ, ಗಂಡ ಹೆಂಡಿರದ್ದಿರಲಿ, ಆ ಒಂದು ಪದ ಸಾಕು. ಕನ್ನಡದಲ್ಲಿ ಅದೇ ಪದ ಗೆಳೆತನದ ಕಡೆಗೆ ಸರಿದುಕೊಂಡಿದೆ. ಪಕ್ಕದ ಬೆಂಚಿನ ತುಳು ಮಗುವನ್ನು ಕೇಳಿದರೆ ಮೋಕೆ ಅನ್ನುತ್ತದೆ. ನಾನು ತಪ್ಪು ಹಾಕಲಿಲ್ಲ, ಪೆನ್ಸಿಲಿನಲ್ಲಿ 'ಪ್ರೀತಿ' ಅಂತ ಪಕ್ಕಕ್ಕೆ ಬರೆದು ಬಿಟ್ಟೆ.

ಸಂಸ್ಕೃತದಲ್ಲಿ ಸ್ನೇಹಕ್ಕೆ ಇನ್ನೊಂದು ಅರ್ಥ ಉಂಟು, ಎಣ್ಣೆ! ಆಯುರ್ವೇದದವರು ತುಪ್ಪ, ಎಣ್ಣೆ, ವಸೆ, ಮಜ್ಜೆ ನಾಲ್ಕನ್ನೂ ಸ್ನೇಹ ಎಂದೇ ಕರೆಯುತ್ತಾರೆ. ಜಿಡ್ಡು, ಅಂಟು. ಸಿನೆಮಾದವರು ಕಣ್ಣು ಕಣ್ಣು ಕಲೆತ ಕೂಡಲೇ ಹುಟ್ಟಿಸುವ ಪ್ರೀತಿಗಿಂತ ಈ ಜಿಡ್ಡಿನ ಪ್ರೀತಿಯೇ ನನಗೆ ನಿಜ ಅನ್ನಿಸುವುದು. ಅದಕ್ಕೆ ನಮ್ಮ ನೆರೆಮನೆಯೇ ಕಾರಣ.

ಅಲ್ಲಿ ಒಬ್ಬರು ಅಜ್ಜಿ ಇದ್ದರು. ತುಳು ಬಿಟ್ಟರೆ ಬೇರೆ ಮಾತು ಬಾರದು. ಸೊಸೆ ದೂರದ ಕೊಟ್ಟಾಯಂ ಕಡೆಯವರು, ಮಲಯಾಳ ಮಾತ್ರ ಬಲ್ಲವರು. ಮದುವೆಯಾಗಿ ಬಂದ ಹೊಸತರಲ್ಲಿ ಎಲ್ಲ ಕೈಸನ್ನೆ. ಮಾತೇ ತಿಳಿಯದ ಮೇಲೆ ಅತ್ತೆ ಸೊಸೆಗೆ ಜಗಳ ಎಲ್ಲಿಂದ ಅಂತ ಊರವರ ತಮಾಷೆ. ದೊಡ್ಡ ಮಗ ಬೆಂಗಳೂರು, ಈಕೆಯ ಗಂಡ ದುಬೈ. ಮನೆಯಲ್ಲಿ ಇವರಿಬ್ಬರೇ.

ಕೊನೆಯ ವರ್ಷಗಳಲ್ಲಿ ಅಜ್ಜಿಗೆ ಮರೆವು ಬಂತು. ಯಾರು ಏನು ಕೇಳಿದರೂ "ದಾಲ ಬೊಡ್ಚಿ" - ಏನೂ ಬೇಡ. ಬೆಂಗಳೂರಿನ ಮಗ ಫೋನು ಮಾಡಿ "ವನಸ್ ಆಂಡಾ?" ಅಂತ ಊಟ ವಿಚಾರಿಸುತ್ತಿದ್ದ, ದಾಲ ಬೊಡ್ಚಿ ಕೇಳಿ ಸಮಾಧಾನದಿಂದ ಇಡುತ್ತಿದ್ದ. ಸೊಸೆಗೆ ಮಾತ್ರ ಬೊಡ್ಚಿಯಲ್ಲಿ ಬೇರೆ ಬೇರೆ ಬೊಡ್ಚಿ ಇವೆ ಅಂತ ಗೊತ್ತಿತ್ತು. ಗೋಡೆ ಕಡೆ ಮುಖ ಮಾಡಿ ಹೇಳಿದರೆ ನಿಜವಾಗಿ ಬೇಡ. ಸೆರಗಿನ ತುದಿ ಹಿಡಿದುಕೊಂಡು ಹೇಳಿದರೆ ಗಂಜಿ ಬೇಕು, ಜತೆಗೆ ಮಿಡಿ ಉಪ್ಪಿನಕಾಯಿಯೂ ಬೇಕು. ಅದು ಹೇಗೆ ತಿಳಿಯುತ್ತದೆ ಅಂತ ಒಮ್ಮೆ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಇಪ್ಪತ್ತು ವರ್ಷ ಆಯಿತಲ್ಲಾ ಮಾಷೇ" ಅಂದರು, ತುಳುವಿನಲ್ಲಿ.

ನಾನೋ ಕನ್ನಡ ಮಾಷ್ಟ್ರು. ಭಾಷೆ ಹೋದರೆ ನಂಟು ಹೋಯಿತು ಅಂತ ಮೈಕು ಸಿಕ್ಕಲ್ಲೆಲ್ಲ ಹೇಳುವವನು. 1956ರಲ್ಲಿ ಗಡಿ ಆಚೀಚೆಯಾದ ಮೇಲೆ ಇಲ್ಲಿಯ ಕನ್ನಡಿಗರಿಗೆಲ್ಲ ಬಾಯಿಪಾಠವಾದ ಮಾತು ಅದು. ಆ ಮಾತನ್ನು ನಾನು ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ಮನೆಯ ಲೆಕ್ಕ ಅದರೊಳಗೆ ಕೂರುವುದಿಲ್ಲ ನೋಡಿ. ತಾಯಿಯ ಭಾಷೆಯಲ್ಲೇ ಹುಟ್ಟಿ ಬೆಳೆದ ಮಗನಿಗೆ ಸಿಕ್ಕಿದ್ದು ಪದದ ಅರ್ಥ ಮಾತ್ರ. ಆತನಿಗೆ ಪ್ರೀತಿ ಇರಲಿಲ್ಲ ಅಂತಲ್ಲ, ಪಾಪ. ತಿಂಗಳು ತಪ್ಪದೆ ದುಡ್ಡು ಕಳಿಸುತ್ತಿದ್ದ, ಹಬ್ಬಕ್ಕೆ ಬಂದಾಗ ಕಾಲ ಬಳಿಯೇ ಕೂತಿರುತ್ತಿದ್ದ. ಆದರೆ ವರ್ಷಕ್ಕೆ ನಾಲ್ಕು ದಿನದಲ್ಲಿ ಸೆರಗಿನ ತುದಿ ಕಣ್ಣಿಗೆ ಬೀಳುವುದಾದರೂ ಹೇಗೆ?

ಸೊಸೆಗೆ ತುಳು ಆಮೇಲೆ ಬಂತು, ಅತ್ತೆಯ ಹಿಂದೆ ಹಿಂದೆಯೇ.

ಅಜ್ಜಿ ಕೊನೆಗೆ ಮಕ್ಕಳ ಹೆಸರೂ ಮರೆತರು. ಸೊಸೆಯನ್ನು "ಅಪ್ಪೆ" ಅಂತ ಕರೆಯಲು ಸುರು ಮಾಡಿದರು, ತುಳುವಿನಲ್ಲಿ ಅಮ್ಮ ಅಂತ. ಆಕೆ ಓಗೊಡುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅಜ್ಜಿ ತೀರಿಹೋದರು.

ಈಗ ಸಂಜೆ ಹೊತ್ತು ಆಕೆ ನಮ್ಮ ಜಗಲಿಗೆ ಬಂದು ಕೂರುವುದುಂಟು. ಚಾ ಮಾಡಲಾ ಅಂತ ನನ್ನ ಹೆಂಡತಿ ಕೇಳಿದರೆ "ದಾಲ ಬೊಡ್ಚಿ" ಅನ್ನುತ್ತಾರೆ, ಥೇಟ್ ಅಜ್ಜಿಯದೇ ರಾಗ. ನನ್ನ ಹೆಂಡತಿ ಒಮ್ಮೆ ಆಕೆಯ ಕೈಯತ್ತ ನೋಡುತ್ತಾಳೆ, ಒಳಗೆ ಹೋಗಿ ನೀರಿಡುತ್ತಾಳೆ.