ಓಲೆಯ ಕಟ್ಟು ಬಂದ ದಾರಿ

ಪುಸ್ತಕಭಂಡಾರದಲ್ಲಿ ಕೆಲಸಮಾಡುವವರನ್ನು ಕಂಡರೆ ಜನರು ಸಾಮಾನ್ಯವಾಗಿ ಆಡುವ ಮಾತೊಂದುಂಟು: “ನಿಮಗೇನು ಸ್ವಾಮಿ, ದಿನವೆಲ್ಲ ಕುಳಿತು ಓದಬಹುದು!” ಇಪ್ಪತ್ತಾರು ವರ್ಷಗಳಿಂದ ಈ ಮಾತನ್ನು ಕೇಳುತ್ತ ಬಂದಿರುವ ನಾವು ಈಚೆಗೆ ಉತ್ತರ ಹೇಳುವುದನ್ನೇ ಬಿಟ್ಟಿದ್ದೇವೆ. ಮಿಠಾಯಿ ಮಾಡುವವನು ಮಿಠಾಯಿಯನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವನೆಂದು ತಿಳಿದವರಿಗೆ ಏನು ಹೇಳುವುದು? ಬೆಳಗ್ಗೆ ನಾವು ಬೀಗ ತೆಗೆಯುವುದಕ್ಕೆ ಮುಂಚೆಯೇ ಜಗಲಿಯ ಮೇಲೆ ವೃತ್ತಪತ್ರಿಕೆಗಾಗಿ ನಾಲ್ವರು ಕಾದಿರುತ್ತಾರೆ. ಅವರಲ್ಲೊಬ್ಬರು ಪತ್ರಿಕೆಯನ್ನು ಕೊನೆಯ ಪುಟದಿಂದಲೇ ಓದತಕ್ಕವರು; ಮೊದಲ ಪುಟಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಗುವರು. ಹತ್ತು ಗಂಟೆಗೆ ಉದ್ಯೋಗದ ಪರೀಕ್ಷೆಗಳಿಗೆ ಓದುವ ಹುಡುಗರೂ ಹುಡುಗಿಯರೂ ಬಂದು ಬುತ್ತಿಯ ಡಬ್ಬಿಗಳನ್ನು ಕಿಟಕಿಯಲ್ಲಿ ಸಾಲಾಗಿಡುತ್ತಾರೆ. ಕೊಟ್ಟ ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತುವುದು, ಬಂದ ಪುಸ್ತಕವನ್ನು ಅದರ ಸ್ಥಾನಕ್ಕೆ ಸೇರಿಸುವುದು, ಕಿತ್ತುಬಂದ ಬೆನ್ನಿಗೆ ಅಂಟು ಹಚ್ಚುವುದು, ಮಳೆಗಾಲದಲ್ಲಿ ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯುವುದು, ಇಷ್ಟರಲ್ಲಿ ಸಂಜೆಯಾಗುತ್ತದೆ. ನಾವು ಹೆಚ್ಚಾಗಿ ಓದಿರುವುದು ಪುಸ್ತಕಗಳ ಬೆನ್ನನ್ನು ಮಾತ್ರ.

ಈ ಕೆಲಸಗಳಲ್ಲಿ ಮನಸ್ಸಿಗೆ ಒಗ್ಗದುದು ಒಂದೇ ಒಂದು. ವರ್ಷಕ್ಕೊಮ್ಮೆ, ಹರಿದುಹೋದ, ಯಾರೂ ಕೇಳದ ಪುಸ್ತಕಗಳನ್ನು ಆರಿಸಿ, ದಾಖಲೆಯಲ್ಲಿ ಅವುಗಳ ಮೇಲೆ ಕೆಂಪು ಗೆರೆ ಎಳೆದು, ರದ್ದಿಗೆ ಹಾಕಬೇಕು. ಸ್ಥಳವಿಲ್ಲದ ಕಡೆ ಇದು ಅನಿವಾರ್ಯ. ಹೊಸ ಪುಸ್ತಕ ಬರಬೇಕಾದರೆ ಹಳೆಯದು ಜಾಗ ಬಿಡಲೇಬೇಕು. ಮೂರು ವರ್ಷಗಳ ಹಿಂದೆ ನಾವು ಹಾಗೆ ಗೆರೆ ಎಳೆದ ಪುಸ್ತಕಗಳಲ್ಲಿ ಅರುವತ್ತು ಪುಟಗಳ ಒಂದು ಸಣ್ಣ ಪುಸ್ತಕವಿತ್ತು. ಯಾರೋ ಉಪಾಧ್ಯಾಯರು ತಮ್ಮ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದ್ದರು. ರಟ್ಟು ಇರಲಿಲ್ಲ, ಅಂಚನ್ನು ಗೆದ್ದಲು ತಿಂದಿತ್ತು. ಚೀಟಿಯ ಮೇಲಿನ ಕೊನೆಯ ಮುದ್ರೆಗೆ ಮೂವತ್ತೊಂದು ವರ್ಷಗಳಾಗಿದ್ದುವು. ಕನ್ನಂಬಾಡಿಯ ಕಟ್ಟೆಯ ನೀರಿನಲ್ಲಿ ಮುಳುಗಿದ ಒಂದು ಊರಿನ ಬೀದಿ, ದೇವಸ್ಥಾನ, ತೋಟ, ಜಾತ್ರೆಗಳ ವರ್ಣನೆ ಅದು. ಎರಡು ಪುಟ ತಿರುವಿ ನೋಡಿ, ಗೆರೆ ಎಳೆದು, ರಾಶಿಗೆ ಹಾಕಿದೆವು.

ಎಂಟು ತಿಂಗಳಾದ ಮೇಲೆ ಒಬ್ಬ ವೃದ್ಧರು ಮೊಮ್ಮಗಳ ಕೈಹಿಡಿದುಕೊಂಡು ಬಂದು ಆ ಪುಸ್ತಕವನ್ನೇ ಕೇಳಿದರು. ಆ ಊರು ಅವರ ತಂದೆಯವರು ಹುಟ್ಟಿದ ಊರು. ೧೯೧೧ರಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, ಕ್ರಮೇಣ ನೀರು ಏರುತ್ತ ಬಂದಾಗ, ತಂದೆಯವರು ಹುಡುಗನಾಗಿ ಗಾಡಿಯಲ್ಲಿ ಪಾತ್ರೆಪದಾರ್ಥಗಳ ಮೇಲೆ ಕುಳಿತು ಹೊಸ ಊರಿಗೆ ಬಂದರಂತೆ. “ನಮ್ಮ ಮನೆ ಇದ್ದ ಬೀದಿಯ ಹೆಸರು ಅದರಲ್ಲಿ ಇದೆ ಎಂದು ನಮ್ಮ ತಂದೆ ಹೇಳುತ್ತಿದ್ದರು ಸ್ವಾಮಿ. ಈ ಮಗುವಿಗೆ ತೋರಿಸೋಣ ಎಂದು ಬಂದೆ” ಎಂದರು. ಸಂಗತಿಯನ್ನು ಮರೆಮಾಚದೆ ಹೇಳಿದೆವು. ಅವರು ಕೋಪಿಸಿಕೊಂಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. “ಹೋಗಲಿ ಬಿಡಿ, ಊರೇ ಹೋಯಿತು, ಪುಸ್ತಕ ಯಾವ ಲೆಕ್ಕ” ಎಂದು ಹೇಳಿ, ಮೊಮ್ಮಗಳಿಗೆ ಚಿತ್ರದ ಪುಸ್ತಕವೊಂದನ್ನು ಇಸಿದುಕೊಂಡು ಹೋದರು. ಬೇರೆ ಪುಸ್ತಕಭಂಡಾರಗಳಿಗೆ ಬರೆದು ವಿಚಾರಿಸಿದೆವು; ಅದರ ಇನ್ನೊಂದು ಪ್ರತಿ ಸಿಕ್ಕಲಿಲ್ಲ.

ಈ ಸಂಗತಿ ಮನಸ್ಸಿನಲ್ಲಿ ಕೊರೆಯುತ್ತಿದ್ದಾಗಲೇ ಹೋದ ಪುಷ್ಯ ಮಾಸದಲ್ಲಿ ಒಂದು ವಾರದ ರಜ ದೊರೆಯಿತು. ತಂಜಾವೂರಿಗೆ ಹೋಗೋಣವೆಂದೆವು. ನಮ್ಮ ಮನೆಯವರು ಬೃಹದೀಶ್ವರನ ದರ್ಶನವಾಗುವುದೆಂದು ಒಪ್ಪಿದರು. ನಾವು ಅಲ್ಲಿಯ ಸರಸ್ವತೀ ಮಹಲನ್ನು ನೋಡಬೇಕೆಂದಿರುವುದು ತಿಳಿದಾಗ, “ರಜದಲ್ಲಿಯೂ ನಿಮಗೆ ಬೀರುಗಳ ಸಹವಾಸವೇ?” ಎಂದು ನಕ್ಕರು.

ಮೈಸೂರಿನಿಂದ ತಂಜಾವೂರಿಗೆ ನೇರವಾಗಿ ಹೋಗುವ ರೈಲುಬಂಡಿ ಇದೆ. ಅದು ಹೊರಡುವುದಕ್ಕೆ ಇನ್ನೂ ಹೊತ್ತಿದ್ದುದರಿಂದ ಕೃಷ್ಣರಾಜ ಬುಲೇವಾರ್ಡಿನ ಸಾಲುಮರಗಳ ನೆರಳಿನಲ್ಲಿ ನಡೆದುಹೋಗಿ ಜ್ಯೂಬಿಲಿ ಕಟ್ಟಡದ ಎದುರಿಗೆ ಸ್ವಲ್ಪ ಹೊತ್ತು ನಿಂತೆವು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗಾಗಿ ೧೮೮೭ರಲ್ಲಿ ಸಂಕಲ್ಪಿತವಾದ ಕಟ್ಟಡವಿದು. ಚಾಮರಾಜ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ಇದೇ ಮನೆಯಾಯಿತು. ಈಗ ಅದರ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ಇಲ್ಲಿ ಓಲೆಗರಿಗಳಿಗೆ ಎಣ್ಣೆ ಹಚ್ಚುವುದನ್ನು ನೋಡಿದ್ದೆವು. ಗರಿಯ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ನಿಂಬೆಹುಲ್ಲಿನ ವಾಸನೆಯ ಎಣ್ಣೆಯನ್ನು ತೆಳ್ಳಗೆ ಸವರಿ, ನೆರಳಿನಲ್ಲಿ ಆರಿಸುವರು. ಒಣಗಿ ಸಿಡುಕಾಗಿದ್ದ ಗರಿ ಎಣ್ಣೆ ಕುಡಿದು ಬಾಗುವುದನ್ನು ನೋಡುವುದೇ ಒಂದು ಸಂತೋಷ. ಕಂಠದಿಂದ ಕೊರೆದ ಅಕ್ಷರಗಳು ಮೊದಲು ಕಾಣಿಸುವುದೇ ಇಲ್ಲ. ಮಸಿಯನ್ನು ತೀಡಿ ಒರೆಸಿದರೆ ಒಂದೊಂದಾಗಿ ಎದ್ದುಬರುತ್ತವೆ.

ಈ ಭಂಡಾರದ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ಓಲೆಯ ಕಟ್ಟು ಬಂದ ವೃತ್ತಾಂತವನ್ನು ವಾಚಕರು ಕೇಳಿರಬಹುದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಅದನ್ನು ತಂದು ಒಪ್ಪಿಸಿದರು. ಲಿಪಿ ಗ್ರಂಥಲಿಪಿ, ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಂಡು. ಶಾಸ್ತ್ರಿಗಳು ಓದಿ ನೋಡಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. ದಂಡಿಯಂತಹ ಕವಿಗಳು ಅದನ್ನು ಹೆಸರಿಸಿದ್ದರೇ ಹೊರತು, ಮೂಲಗ್ರಂಥವು ನಷ್ಟವಾಯಿತೆಂದೇ ವಿದ್ವಾಂಸರು ನಂಬಿದ್ದರು. ೧೯೦೯ರಲ್ಲಿ ಮೂಲವೂ, ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾಗಿ ಹೊರಬಂದುವು. ಅನಂತರ ಬೇರೆಡೆಗಳಲ್ಲಿಯೂ ಕೆಲವು ಪ್ರತಿಗಳು ದೊರೆತುವು. ಆದರೆ ಮೊದಲು ಕಣ್ತೆರೆಸಿದುದು ಈ ಕಟ್ಟು. ಲೋಕವೆಲ್ಲ ಶಾಸ್ತ್ರಿಗಳನ್ನು ಹೊಗಳಿತು, ಅದು ನ್ಯಾಯವೇ. ನಮ್ಮ ಮನಸ್ಸು ಮಾತ್ರ ಆ ಪಂಡಿತರ ಕಡೆಗೆ ಹೋಗುತ್ತದೆ. ಅವರ ಹೆಸರನ್ನು ನಾವು ಓದಿದ ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ. ಅವರ ಮನೆಯ ಅಟ್ಟದ ಮೇಲೆ ಅದು ಎಷ್ಟು ತಲೆಮಾರು ಬಿದ್ದಿತ್ತೋ! ಅವರ ಅಜ್ಜನೋ ಮುತ್ತಜ್ಜನೋ ಒಂದು ದಿನ ಅಟ್ಟವನ್ನು ಚೊಕ್ಕಟಮಾಡಲು ಹತ್ತಿ, ಯಾರೂ ಓದದ ಈ ಕಟ್ಟು ಏತಕ್ಕೆಂದು ಕೆಳಗೆ ಎಸೆದಿದ್ದರೆ?

“ರೈಲು ತಪ್ಪುತ್ತದೆ” ಎಂದು ಮನೆಯವರು ಎಚ್ಚರಿಸಿದರು.

ಶ್ರೀರಂಗಪಟ್ಟಣದಲ್ಲಿ ಬಂಡಿ ಕಾವೇರಿಯ ಎರಡು ಕವಲುಗಳನ್ನೂ ದಾಟುವಾಗ ಇನ್ನೂ ಬಿಸಿಲಿತ್ತು. ಬಂಡೆಗಳ ಸಂದಿನಲ್ಲಿ ನೀರು ಹೊಳೆಯುತ್ತಿತ್ತು. ಅದೇ ನೀರು ಕೆಳಗೆ, ನಾವು ಹೋಗುವ ನಾಡಿಗೇ ಹರಿಯುವುದು. ಆ ಓಲೆಯ ಕಟ್ಟು ಹರಿವಿಗೆ ಎದುರಾಗಿ ಮೇಲಕ್ಕೆ ಬಂದಿತು. ಬೆಂಗಳೂರು ದಾಟಿದ ಮೇಲೆ ಕತ್ತಲಾಯಿತು. ಓದಲೆಂದು ಒಂದು ಕಾದಂಬರಿಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆವು. ಅದನ್ನು ಎದುರಿಗೆ ಕುಳಿತಿದ್ದ ತಮಿಳು ಹುಡುಗನೊಬ್ಬ ಚಿತ್ರ ನೋಡಲೆಂದು ಇಸಿದುಕೊಂಡ. ಚಿತ್ರಗಳಿಲ್ಲದುದನ್ನು ಕಂಡು ಹಿಂದಿರುಗಿಸಿದ. ನಾವೂ ಅದನ್ನು ತೆರೆಯಲಿಲ್ಲ. ನಡುರಾತ್ರಿ ಕಳೆದು ಈರೋಡಿನ ಬಳಿ ಸೇತುವೆಯ ಸದ್ದಿಗೆ ಎಚ್ಚರವಾಯಿತು. ಕತ್ತಲಲ್ಲಿ ಮತ್ತೆ ಕಾವೇರಿ. ಅಲ್ಲಿಂದ ಮುಂದೆ ತಿರುಚಿನಾಪಳ್ಳಿಯವರೆಗೆ ಬಂಡಿ ಬಹುಮಟ್ಟಿಗೆ ಅವಳ ದಡದಲ್ಲಿಯೇ ಓಡುವುದು. ಬೆಳಗಿನ ಜಾವಕ್ಕೆ ತಂಜಾವೂರಿನಲ್ಲಿಳಿದೆವು.

ದೇವಸ್ಥಾನದ ವರ್ಣನೆ ಇಲ್ಲಿ ಬೇಡ. ೧೦೧೦ರಲ್ಲಿ ರಾಜರಾಜ ಚೋಳನು ಮುಗಿಸಿದ ಆ ವಿಮಾನವನ್ನು ಕತ್ತೆತ್ತಿ ನೋಡಿ, ಕತ್ತು ನೋಯಿಸಿಕೊಂಡು, ಪ್ರಸಾದ ತೆಗೆದುಕೊಂಡು, ಹತ್ತು ಗಂಟೆಯ ಹೊತ್ತಿಗೆ ಅರಮನೆಯೊಳಗಿನ ಸರಸ್ವತೀ ಮಹಲನ್ನು ಸೇರಿದೆವು.

ಈ ಭಂಡಾರವು ನಾಯಕ ಅರಸರ ಕಾಲದಿಂದ ಬೆಳೆದುಬಂದುದು. ಅದನ್ನು ದೊಡ್ಡದಾಗಿ ಮಾಡಿದವನು ಮರಾಠ ಅರಸನಾದ ಎರಡನೆಯ ಸರಫೋಜಿ. ಅವನು ಪಟ್ಟಕ್ಕೆ ಬಂದುದು ೧೭೯೮ರಲ್ಲಿ. ಮರುವರ್ಷವೇ ಆಡಳಿತವೆಲ್ಲ ಕಂಪೆನಿಯವರ ಕೈಸೇರಿ, ಅವನಿಗೆ ಉಳಿದುದು ಕೋಟೆ ಮತ್ತು ಅರಮನೆ ಮಾತ್ರ. ಆಳುವುದಕ್ಕೆ ನಾಡಿಲ್ಲದ ಅರಸನು ಏನು ಮಾಡಬಹುದು? ಅನೇಕರು ಏನು ಮಾಡಿದರೆಂಬುದು ಚರಿತ್ರೆಯಲ್ಲಿದೆ. ಇವನು ೧೮೩೨ರಲ್ಲಿ ಸಾಯುವವರೆಗೂ ಪುಸ್ತಕ ಕೂಡಿಸಿದನು. ಕಾಶೀಯಾತ್ರೆಗೆ ಹೋದಾಗ ಅಲ್ಲಿಂದಲೂ ಗ್ರಂಥಗಳನ್ನು ತಂದನು. ಯೂರೋಪಿನಿಂದ ಅಚ್ಚಿನ ಪುಸ್ತಕಗಳನ್ನು ತರಿಸಿದನು. ವೈದ್ಯದಲ್ಲಿ ಆಸಕ್ತಿಯಿದ್ದುದರಿಂದ ಧನ್ವಂತರಿ ಮಹಲೆಂಬ ಸಂಸ್ಥೆಯನ್ನಿಟ್ಟು, ಕಣ್ಣಿನ ರೋಗಿಗಳ ವಿವರಗಳನ್ನು ಚಿತ್ರಗಳೊಡನೆ ಬರೆಯಿಸಿದನು. ಈಗ ಇಲ್ಲಿ ಸಂಸ್ಕೃತ, ತಮಿಳು, ತೆಲುಗು, ಮರಾಠಿ ಭಾಷೆಗಳ ನಲವತ್ತು ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳಿವೆ. ಬರ್ನೆಲ್ ಎಂಬ ನ್ಯಾಯಾಧೀಶನು ಇಲ್ಲಿಯ ಸಂಸ್ಕೃತ ಗ್ರಂಥಗಳನ್ನು ವಿಂಗಡಿಸಿ ೧೮೮೦ರಲ್ಲಿ ಸೂಚಿಯನ್ನು ಪ್ರಕಟಿಸಿದನು. ೧೯೧೮ರಲ್ಲಿ ಭಂಡಾರವು ಸಾರ್ವಜನಿಕರಿಗೆ ತೆರೆಯಿತು.

ಗಾಜಿನ ಪೆಟ್ಟಿಗೆಗಳಲ್ಲಿಟ್ಟ ವಿಚಿತ್ರಗಳ ಮುಂದೆ ಜನ ಗುಂಪುಗೂಡಿದ್ದರು. ಮನುಷ್ಯರ ಮುಖಗಳನ್ನು ಪ್ರಾಣಿಗಳ ಮುಖಗಳಿಗೆ ಹೋಲಿಸಿ ಬರೆದ ಫ್ರೆಂಚ್ ಚಿತ್ರಗಳನ್ನು ನೋಡಿ ಮನೆಯವರು ನಮ್ಮ ಬಂಧುಗಳಲ್ಲಿ ಕೆಲವರನ್ನು ಗುರುತಿಸಿದರು. ಯಾರೆಂದು ಇಲ್ಲಿ ಹೇಳುವಂತಿಲ್ಲ. ನಮ್ಮ ದೃಷ್ಟಿ ಒಳಗಡೆ ಕುಳಿತು ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಒಬ್ಬರ ಕಡೆಗಿತ್ತು. ನಾವೂ ಇದೇ ಕಸುಬಿನವರೆಂದು ಹರಕು ತಮಿಳಿನಲ್ಲಿ ಹೇಳಿಕೊಂಡೆವು. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. “ಇವುಗಳಲ್ಲಿ ಯಾರೂ ಕೇಳದವು ಎಷ್ಟು?” ಎಂದು ವಿಚಾರಿಸಿದೆವು. ಅವರು ಕೈಯಲ್ಲಿದ್ದ ಕಟ್ಟನ್ನು ತೋರಿಸಿ, ತಾವು ಕೆಲಸಕ್ಕೆ ಬಂದಂದಿನಿಂದ ಇದನ್ನು ಯಾರೂ ಕೇಳಿಲ್ಲವೆಂದರು. ಹಾಗೆ ಹೇಳುತ್ತಲೇ ಅದಕ್ಕೆ ಗಂಟುಹಾಕಿ, ಚೀಟಿ ಸರಿಯಾಗಿ ಕಾಣುವಂತೆ ತಿರುಗಿಸಿ, ಅದರ ಜಾಗದಲ್ಲಿಟ್ಟು, ಮುಂದಿನ ಕಟ್ಟನ್ನು ತೆಗೆದುಕೊಂಡರು. ನಮ್ಮ ಪ್ರಶ್ನೆಯಲ್ಲಿ ಅವರಿಗೆ ವಿಶೇಷವೇನೂ ಕಂಡಂತಿರಲಿಲ್ಲ.

ಮರುದಿನ ಬಸ್ಸು ಹತ್ತಿ ಮನ್ನಾರ್‌ಗುಡಿಗೆ ಹೋದೆವು. ಒಂದು ಗಂಟೆಗೂ ಮಿಕ್ಕ ಪ್ರಯಾಣ. ಎರಡು ಕಡೆಗೂ ಕಾಲುವೆಗಳು, ಹಳದಿಗೆ ತಿರುಗುತ್ತಿದ್ದ ಬತ್ತದ ಗದ್ದೆಗಳು. ಯಾತ್ರಿಕರು ಅಲ್ಲಿಗೆ ಹೋಗುವುದು ರಾಜಗೋಪಾಲಸ್ವಾಮಿಯ ದರ್ಶನಕ್ಕಾಗಿ, ಮತ್ತು ಇಪ್ಪತ್ತಮೂರು ಎಕರೆಗಳಷ್ಟು ವಿಶಾಲವಾದ ಹರಿದ್ರಾನದಿಯೆಂಬ ಪುಷ್ಕರಿಣಿಗಾಗಿ. ನಮ್ಮನ್ನು ಸೆಳೆದುದು ಒಂದು ಎತ್ತಿನ ಗಾಡಿಯ ನೆನಪು. ೧೯೩೧ರ ಅಕ್ಟೋಬರಿನಲ್ಲಿ ಇಂಜಿನಿಯರರಾಗಿದ್ದ ಕನಕಸಭೈ ಪಿಳ್ಳೆಯವರು ಪುಸ್ತಕಗಳನ್ನು ಹೇರಿದ ಗಾಡಿಯೊಂದನ್ನು ಈ ಊರಿನಿಂದ ಸುತ್ತಮುತ್ತಣ ಹಳ್ಳಿಗಳಿಗೆ ಹೊರಡಿಸಿದರು. ಓದುಗರು ಪುಸ್ತಕವನ್ನು ಹುಡುಕಿಕೊಂಡು ಬರಲಾರದಿದ್ದರೆ ಪುಸ್ತಕವೇ ಓದುಗರನ್ನು ಹುಡುಕಿಕೊಂಡು ಹೋಗಲಿ ಎಂಬುದು ಅದರ ತಾತ್ಪರ್ಯ. ಇದೇ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳ ಪುಸ್ತಕವನ್ನು ಪ್ರಕಟಿಸಿದುದೂ ಅದೇ ವರ್ಷ. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ಮನೆಗಂದಾಯದ ರಸೀತಿಯಲ್ಲಿ ಗ್ರಂಥಾಲಯದ ಕರವೆಂದು ಒಂದು ಸಣ್ಣ ಮೊತ್ತವನ್ನು ಕಂಡು ಹುಬ್ಬುಗಂಟಿಕ್ಕುವ ಗೃಹಸ್ಥರು, ಆ ಏರ್ಪಾಡು ೧೯೪೮ರ ಮದರಾಸಿನ ಕಾಯಿದೆಯಲ್ಲಿಯೂ, ೧೯೬೫ರ ನಮ್ಮ ಕಾಯಿದೆಯಲ್ಲಿಯೂ ಬಂದುದೆಂದು ತಿಳಿಯತಕ್ಕದ್ದು. ನಮ್ಮ ಸಂಬಳಕ್ಕೂ ಅದಕ್ಕೂ ಸಂಬಂಧವಿರುವುದರಿಂದ ಈ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಆ ಐದು ಸೂತ್ರಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗನಿದ್ದಾನೆ ಎಂಬ ಭಾವದ ಮೂರನೆಯದಕ್ಕೆ ಪೂರ್ತಿ ಅಂಕಗಳೂ ಬಂದಿದ್ದುವು. ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತು, ನಡುವಣ ಮಂಟಪದ ನೆರಳು ನೀರಿನಲ್ಲಿ ಅಲುಗುವುದನ್ನು ನೋಡುತ್ತಿದ್ದಾಗ, ಮೊಮ್ಮಗಳ ಕೈಹಿಡಿದು ಬಂದ ಆ ವೃದ್ಧರ ಸಂಗತಿಯನ್ನು ಮನೆಯವರಿಗೆ ಮೊದಲಬಾರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಸ್ತಕ ಹೋಯಿತು, ಸರಿ. ಆ ತಾತನವರು ಇದ್ದಾರಷ್ಟೆ?” ಎಂದರು.

ಇಷ್ಟು ಸುಲಭವಾದ ಮಾತು ನಮಗೆ ಮೂರು ವರ್ಷವಾದರೂ ಹೊಳೆದಿರಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಸದಸ್ಯರ ಪಟ್ಟಿಯಲ್ಲಿ ವಿಳಾಸವನ್ನು ಹುಡುಕಿ, ವೃದ್ಧರ ಮನೆಗೆ ಹೋಗಿ ಕೇಳಿಕೊಂಡೆವು. “ನಾನೇನು ಕಣ್ಣಾರೆ ಕಂಡವನೇ? ತಂದೆ ಹೇಳಿದ್ದು, ಅಷ್ಟೇ” ಎಂದು ಮೊದಲು ಹಿಂಜರಿದರು. ಈಗ ಗುರುವಾರಗಳ ಮಧ್ಯಾಹ್ನ ಬರುತ್ತಾರೆ. ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಅವರು ಹೇಳಿದುದನ್ನು ಹೇಳಿದಂತೆಯೇ ನಾವು ಬರೆದುಕೊಳ್ಳುತ್ತೇವೆ. ಮೊಮ್ಮಗಳು ಪಕ್ಕದ ಹಾಳೆಯಲ್ಲಿ ನಕ್ಷೆ ಬರೆಯುತ್ತಾಳೆ. ಒಮ್ಮೊಮ್ಮೆ, ಹೋದ ವಾರ ಬಾವಿ ಬೀದಿಯ ಎಡಗಡೆಗೆ ಇದ್ದಿತೆಂದು ಅವಳು ತಕರಾರು ತೆಗೆಯುತ್ತಾಳೆ, ತಾತನವರು ಕಣ್ಣುಮುಚ್ಚಿ ಯೋಚಿಸಿ ಬಾವಿಯನ್ನು ಎಡಕ್ಕೆ ಸರಿಸುತ್ತಾರೆ. ನೋಟುಬುಕ್ಕನ್ನು ದಾಖಲೆಗೆ ಸೇರಿಸಿ, ಕೆಂಪು ಗೆರೆಯ ಕೆಳಗೆ ಹೊಸ ಸಂಖ್ಯೆ ಕೊಟ್ಟಿದ್ದೇವೆ. ದೇವಸ್ಥಾನ, ಕೆರೆ, ಕುಂಬಾರರ ಓಣಿ ಇವು ಮುಗಿದಿವೆ. ಪೂರ್ವದ ಬೀದಿ ಇನ್ನೂ ಉಳಿದಿದೆ.